38.5 ಡಿಗ್ರಿಯ ಬೇಸಿಗೆ: ಒಬ್ಬ ಹವ್ಯಾಸಿ ಓಟಗಾರನ ಎರಡು ಓಟ, ಎರಡು ಬೆಟ್ಟ, ಒಂದು ಹಿಂಜರಿಕೆ

ನಿಧಾನಗತಿ, ಬೆಂಗಳೂರು (ಜೂನ್ 19, 2024)

ಈ ಬೇಸಿಗೆಯಲ್ಲಿ ನಾನು ಎರಡು ಓಟಗಳಲ್ಲಿ ಪಾಲ್ಗೊಂಡೆ, ಎರಡು ಬೆಟ್ಟ ಹತ್ತಿದೆ, ಒಂದು ಚಾರಣವನ್ನು ಕೈಬಿಟ್ಟೆ, ಒಮ್ಮೆ ರಸ್ತೆಬದಿಯಲ್ಲಿ ತಲೆ ಹಿಡಿದುಕೊಂಡು ಕುಳಿತೆ. ಆ ಕೊನೆಯದರ ಬಗ್ಗೆ ಬರೆಯಬೇಕೆಂದೇ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ನನಗೆ 46 ವರ್ಷ, ಕೆಲಸ ಕುರ್ಚಿಯ ಮೇಲಿನದು, ಓಡಲು ತೊಡಗಿ ಆರು ವರ್ಷವಾಯಿತು. ಪದಕಕ್ಕೆ ಓಡುವವನಲ್ಲ. ಹತ್ತು ಕಿಲೋಮೀಟರನ್ನು ಒಂದು ಗಂಟೆಯೊಳಗೆ ಮುಗಿಸಬೇಕೆಂಬುದೊಂದೇ ಮೂರು ವರ್ಷಗಳಿಂದ ತೀರದ ಹಂಬಲ.

ಅದನ್ನು ತೀರಿಸಿಕೊಳ್ಳಲು ಏಪ್ರಿಲ್ 28ರ ಬೆಂಗಳೂರು ವರ್ಲ್ಡ್ ಟೆನ್‌ಕೆ ಓಟವನ್ನು ಗೊತ್ತುಮಾಡಿಕೊಂಡಿದ್ದೆ. 2008ರಲ್ಲಿ ಆರಂಭವಾದ ಈ ಓಟ ಬಹಳ ವರ್ಷ ಮೇ ತಿಂಗಳಲ್ಲಿ ನಡೆಯುತ್ತಿತ್ತು. ಅಷ್ಟು ಹೊತ್ತಿಗೆ ನಾಲ್ಕು ಮಳೆ ಬಿದ್ದು ನೆಲ ತಣಿದಿರುತ್ತಿತ್ತು. ಈ ವರ್ಷ ಏಪ್ರಿಲ್ ಪೂರ್ತಿ ನಗರದ ಹವಾಮಾನ ಕೇಂದ್ರದಲ್ಲಿ ಹನಿ ಮಳೆಯೂ ದಾಖಲಾಗಲಿಲ್ಲ. 1983ರ ನಂತರ ಹಾಗಾದದ್ದು ಇದೇ ಮೊದಲು. ನಮ್ಮ ಬಡಾವಣೆಯ ಕೊಳವೆಬಾವಿ ಮಾರ್ಚ್‌ನಲ್ಲೇ ಬತ್ತಿ, ಟ್ಯಾಂಕರಿನ ದಾರಿ ಕಾಯುವ ದಿನಗಳಲ್ಲಿ, ಓಡಿ ಬಂದು ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸುವಾಗ ಮನೆಯವರ ಮುಖ ನೋಡಲು ಸಂಕೋಚವಾಗುತ್ತಿತ್ತು. ಬೆವರು ಹರಿಸುವುದೂ ಒಂದು ದುಂದುವೆಚ್ಚವೆಂದು ನನಗೆ ಅನ್ನಿಸಿದ್ದು ಈ ವರ್ಷವೇ.

ಓಟಕ್ಕೆ ಎರಡು ದಿನ ಮುಂಚೆ, ಶುಕ್ರವಾರ, ಲೋಕಸಭಾ ಚುನಾವಣೆಯ ಮತದಾನವಿತ್ತು. ಭಾನುವಾರ ನಸುಕಿನಲ್ಲಿ ಕಬ್ಬನ್ ರಸ್ತೆಯ ಮಾಣೆಕ್ ಷಾ ಕವಾಯತು ಮೈದಾನದ ಬಳಿ ನಿಂತಿದ್ದಾಗ ಸುತ್ತಲಿನವರ ಎಡಗೈ ತೋರುಬೆರಳಿನಲ್ಲೆಲ್ಲ ಅದೇ ನೇರಳೆ ಗುರುತು. ನನ್ನ ಪಕ್ಕದವರು ಗಡಿಯಾರದ ಗುಂಡಿ ಒತ್ತಲು ಅದೇ ಬೆರಳನ್ನು ಸಿದ್ಧವಾಗಿಟ್ಟುಕೊಂಡಿದ್ದರು. ಮೊದಲ ಐದು ಕಿಲೋಮೀಟರನ್ನು 29 ನಿಮಿಷ 10 ಸೆಕೆಂಡಿನಲ್ಲಿ ಮುಗಿಸಿದೆ. ಲೆಕ್ಕದ ಪ್ರಕಾರ ಗೆದ್ದೆ ಎಂದುಕೊಂಡೆ. ಉಳಿದ ಐದಕ್ಕೆ 34 ನಿಮಿಷ 30 ಸೆಕೆಂಡ್ ಹಿಡಿಯಿತು. ಒಟ್ಟು 1 ಗಂಟೆ 3 ನಿಮಿಷ 40 ಸೆಕೆಂಡ್. ಕಾಲು ಸೋತಿರಲಿಲ್ಲ, ಉಸಿರೂ ಕಟ್ಟಿರಲಿಲ್ಲ. ಮೈಯೊಳಗೆ ಯಾರೋ ಒಲೆ ಹಚ್ಚಿಟ್ಟಂತಿತ್ತು, ಅಷ್ಟೆ. ಅದೇ ಮಧ್ಯಾಹ್ನ ನಗರದ ಉಷ್ಣಾಂಶ 38.5 ಡಿಗ್ರಿ ಮುಟ್ಟಿತು. ಬೆಂಗಳೂರಿನ ಏಪ್ರಿಲ್ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ದಾಖಲಾಗಿರುವುದು 2016ರ 39.2 ಡಿಗ್ರಿ ಮಾತ್ರ. ನಾವು ಓಡಿದ್ದು ಬೆಳಿಗ್ಗೆಯಾದರೂ ಹಿಂದಿನ ದಿನದ ಕಾವನ್ನು ರಸ್ತೆ ಇನ್ನೂ ಬಿಟ್ಟುಕೊಟ್ಟಿರಲಿಲ್ಲ.

ಅಲ್ಲಿಗೆ ಬುದ್ಧಿ ಕಲಿಯಬೇಕಿತ್ತು. ಬದಲಿಗೆ ಹಟ ಹಿಡಿದು, ಮುಂದಿನ ಭಾನುವಾರವೇ ನಗರದ ಹೊರವಲಯದ ಸಣ್ಣದೊಂದು ಹಾಫ್ ಮ್ಯಾರಥಾನಿಗೆ (21 ಕಿಲೋಮೀಟರ್) ಹೋದೆ. ಆಯೋಜಕರ ಹೆಸರು ಇಲ್ಲಿ ಬೇಡ. ಆರು ಗಂಟೆಗೆ ಎಂದಿದ್ದ ಓಟ, ಮುಖ್ಯ ಅತಿಥಿಗಳು ಬಂದು ಬಾವುಟ ಬೀಸಬೇಕಾಗಿದ್ದರಿಂದ, ಆರೂಮುಕ್ಕಾಲಿಗೆ ಶುರುವಾಯಿತು. ಆ ಮುಕ್ಕಾಲು ಗಂಟೆ ಧ್ವನಿವರ್ಧಕದ ಹಾಡಿಗೆ ನಮ್ಮನ್ನು ಕುಣಿಸಿ ಬೆವರಿಳಿಸಿದರು. ಹತ್ತನೆಯ ಕಿಲೋಮೀಟರಿನವರೆಗೆ ಎಲ್ಲ ಸರಿಯಿತ್ತು. ಹನ್ನೆರಡರ ನೀರಿನ ಮೇಜಿನಲ್ಲಿ ಖಾಲಿ ಕ್ಯಾನು ಬೋರಲಾಗಿತ್ತು. ಹದಿನಾಲ್ಕರಲ್ಲಿ ಮೇಜು ಮಾತ್ರ ಇತ್ತು, ಜನರಿರಲಿಲ್ಲ. ಹದಿನೇಳರ ಹೊತ್ತಿಗೆ, ಬಿಸಿಲು ಬೆನ್ನಿಗೆ ಹೊಡೆಯುತ್ತಿರುವಾಗಲೇ, ತೋಳಿನ ಮೇಲೆ ರೋಮ ನಿಗುರಿ ಚಳಿಯಾದಂತಾಯಿತು. ಸೆಕೆಯಲ್ಲಿ ಚಳಿ ಎಂದರೆ ಏನೋ ಕೆಟ್ಟಿದೆ ಎಂಬಷ್ಟು ತಿಳಿವಳಿಕೆ ನನಗಿತ್ತು. ಹೊಂಗೆ ಮರದ ಕೆಳಗಿನ ಪೆಟ್ಟಿಗೆ ಅಂಗಡಿಯ ಮುಂದೆ ಕುಳಿತುಬಿಟ್ಟೆ. ಅಂಗಡಿಯ ತಾಯಿ ಏನನ್ನೂ ಕೇಳದೆ ಒಂದು ಚೆಂಬು ನೀರನ್ನು ನೇರವಾಗಿ ನೆತ್ತಿಗೆ ಸುರಿದರು. ಆಮೇಲೆ ಉಪ್ಪು ಹಾಕಿದ ನೀರು ಮಜ್ಜಿಗೆ ಕೊಟ್ಟು, “ನಿಧಾನಕ್ಕೆ ಕುಡಿ ಕಣಪ್ಪ, ಗಟಗಟ ಅನ್ನಬೇಡ” ಎಂದರು. ಎದೆಯ ಮೇಲಿನ ಬಿಬ್ (ಓಟಗಾರನ ಸಂಖ್ಯೆಯ ಚೀಟಿ) ನೋಡಿ, “ದುಡ್ಡು ಕೊಟ್ಟು ಓಡ್ತೀರಾ ಇದನ್ನ?” ಎಂದು ಅವರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆಟೋದಲ್ಲಿ ವಾಪಸಾದೆ.

ಅದಾದ ಮೇಲೆ ಓಟಕ್ಕೆ ಬಿಡುವು ಕೊಟ್ಟು ಬೆಟ್ಟದ ಕಡೆ ತಿರುಗಿದೆ. ನಂದಿಬೆಟ್ಟದ ರಸ್ತೆಯಲ್ಲಿ ಓಡಿದ್ದಕ್ಕಿಂತ ಕಾರುಗಳಿಗೆ ದಾರಿ ಬಿಟ್ಟು ನಿಂತದ್ದೇ ಹೆಚ್ಚಾದ್ದರಿಂದ ಅದರ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಮಾತ್ರ ಮರೆಯಲಾಗದ ಬೆಳಗು. 17ನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲು. ಚಿಕ್ಕಪ್ಪನ ಮಗನ ಜೊತೆ ಐದೂವರೆಗೆ ಹತ್ತಲು ತೊಡಗಿದೆ. ನಮಗಿಂತ ಮುಂದೆ, ಅರವತ್ತು ದಾಟಿದ ಹೆಣ್ಣುಮಗಳೊಬ್ಬರು ಬರಿಗಾಲಿನಲ್ಲಿ, ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತ ಏರುತ್ತಿದ್ದರು. ಕುಂಕುಮದ ಮೇಲೆ ಶೂ ಇಡಬಾರದೆಂದು ನಾವು ಮೆಟ್ಟಿಲಿನ ಅಂಚಿನಲ್ಲಿ ಹೆಜ್ಜೆ ಹುಡುಕುತ್ತ ಓಡಬೇಕಾಯಿತು. ದೊಡ್ಡ ನಂದಿಯ ಬಳಿ ನಾವು ಏದುಸಿರು ಬಿಡುತ್ತ ಕುಳಿತಿದ್ದೆವು; ಅವರು ಅದೇ ಲಯದಲ್ಲಿ ಬಂದು, ನಮ್ಮನ್ನು ದಾಟಿ, ಬಗ್ಗುತ್ತ ಏಳುತ್ತ ಮೇಲೆ ಹೋದರು. ಸಾವಿರ ಸಲ ಬಗ್ಗಿ ಏಳುವುದನ್ನು ಜಿಮ್ಮಿನಲ್ಲಿ ಮಾಡಿಸಿದರೆ ನಾನು ನೂರಕ್ಕೇ ಬಿದ್ದಿರುತ್ತೇನೆ.

ಕುಮಾರ ಪರ್ವತದ ಆಸೆಯನ್ನು ಬಿಟ್ಟೆ. ಬೇಸಿಗೆಯಲ್ಲಿ ದಾರಿ ಮುಚ್ಚಿರುತ್ತದೆ. ಕೊನೆಗೆ ಜೂನ್ 2ರ ಭಾನುವಾರ ಸಂಜೆ ನಿಧಾನವಾಗಿ ಹನ್ನೆರಡು ಕಿಲೋಮೀಟರ್ ಓಡೋಣವೆಂದು ಹೊರಟೆ. ಆ ಒಂದೇ ದಿನ ನಗರದಲ್ಲಿ 111.1 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದೇ ದಿನದಲ್ಲಿ ಅಷ್ಟು ಮಳೆ ಈ ಹಿಂದೆ ಎಂದೂ ದಾಖಲಾಗಿರಲಿಲ್ಲ, 1891ರ 101.6 ಮಿಲಿಮೀಟರಿನ ದಾಖಲೆ ಮುರಿಯಿತು. ಮರ ಬಿದ್ದು ಮೆಟ್ರೋ ನೇರಳೆ ಮಾರ್ಗದ ಸಂಚಾರವೂ ನಿಂತಿತ್ತು. ಮೊಣಕಾಲುದ್ದ ನೀರಿನಲ್ಲಿ ಶೂ ಕೈಯಲ್ಲಿ ಹಿಡಿದು ನಡೆದು ಮನೆ ಸೇರಿದೆ. ಐದು ವಾರಗಳ ಅಂತರದಲ್ಲಿ ಒಂದೇ ಊರು ಎರಡು ವಿಪರೀತ ತೋರಿಸಿತು, ಎರಡರಲ್ಲೂ ನಾನು ರಸ್ತೆಯಲ್ಲಿದ್ದೆ.

ನನ್ನ ಪ್ರಶ್ನೆ ಇಷ್ಟೆ. ಬೇಸಿಗೆಯೆಂದರೆ ಓಟದ ಹಂಗಾಮು ಎಂಬ ಕಲ್ಪನೆ ತಂಪು ದೇಶಗಳಿಂದ ಬಂದದ್ದು. ನಮ್ಮಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸಮಯದ ಗುರಿ ಇಟ್ಟುಕೊಂಡು ಓಡುವುದರಲ್ಲಿ ಅರ್ಥವಿದೆಯೇ? ಬಲ್ಲವರು ತಿಳಿಸಬೇಕು.


ಕೋಟೆಯ ಕಂದಕ, ಕಲಬುರಗಿ (ಜೂನ್ 19)

ಸರ್, ನಿಮ್ಮ 38.5 ಡಿಗ್ರಿಯನ್ನು ಓದಿ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು, ಬೇಸರ ಮಾಡಿಕೊಳ್ಳಬೇಡಿರಿ. ನಮ್ಮಲ್ಲಿ ಅದು ಮಾರ್ಚ್ ತಿಂಗಳ ಬಿಸಿಲು. ಮೇ ಬಂದರೆ 43 ದಾಟುತ್ತದೆ, ನಸುಕಿನ ನಾಲ್ಕೂವರೆಗೂ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ನಮ್ಮ ಭಾಗದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಯ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿ ಇದೆ. ಸರ್ಕಾರವೇ ಸೂರ್ಯನಿಗೆ ಮಣಿದು ಗಡಿಯಾರ ತಿರುಗಿಸುವಾಗ ಓಟಗಾರ ತಿರುಗಿಸದಿದ್ದರೆ ಹೇಗೆ?

ನಾನು ಎಂಟು ವರ್ಷದಿಂದ ಕೋಟೆಯ ಸುತ್ತ ಓಡುತ್ತೇನೆ. ಏಪ್ರಿಲ್ ಒಂದರಂದು ಗಡಿಯಾರವನ್ನು ಕಪಾಟಿನಲ್ಲಿಟ್ಟರೆ ಮತ್ತೆ ತೆಗೆಯುವುದು ಮೃಗಶಿರಾ ಮಳೆಗೆ. ಆ ಎರಡು ತಿಂಗಳು ಬರೀ ಹೊತ್ತಿನ ಲೆಕ್ಕ: ನಾಲ್ಕೂವರೆಗೆ ಶುರು, ಐದೂಕಾಲಿಗೆ ಮನೆ. ಎಷ್ಟು ದೂರವಾಯಿತೆಂದು ಕೇಳುವುದಿಲ್ಲ. ತಲೆಗೆ ಒದ್ದೆ ಟವೆಲು ಸುತ್ತಿಕೊಳ್ಳುತ್ತೇನೆ. ಮನೆಗೆ ಬಂದ ಮೇಲೆ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. ಒಣ ಹವೆಯಾದ್ದರಿಂದ ಬೆವರು ಕಾಣಿಸುವುದೇ ಇಲ್ಲ, ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಮಾತ್ರ ಉಳಿಯುತ್ತದೆ. ಬೆವರೇ ಬರಲಿಲ್ಲವೆಂದು ಹೊಸಬರು ಮೋಸಹೋಗುವುದು ಅಲ್ಲಿಯೇ.


ಉಸುಕಿನ ಹೆಜ್ಜೆ, ಉಡುಪಿ (ಜೂನ್ 19)

ಕಲಬುರಗಿಯವರು ಒಣ ಹವೆಯ ಮಾತೆತ್ತಿದ್ದರಿಂದ ಕರಾವಳಿಯ ಕಷ್ಟವನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಉಷ್ಣಾಂಶ ಅಷ್ಟು ಏರುವುದು ಅಪರೂಪ. ಆದರೆ ಬೆಳಿಗ್ಗೆ ಐದಕ್ಕೂ 26-27 ಡಿಗ್ರಿ, ಗಾಳಿಯಲ್ಲಿ ಒದ್ದೆ ಬಟ್ಟೆ ಒಣಗದಷ್ಟು ತೇವ.

ನಾನು ಮೆಕ್ಯಾನಿಕಲ್ ಎಂಜಿನಿಯರ್, ಆದ್ದರಿಂದ ಲೆಕ್ಕದಲ್ಲಿ ಹೇಳುತ್ತೇನೆ. 60 ಕಿಲೋ ತೂಕದವರು ಒಂದು ಕಿಲೋಮೀಟರ್ ಓಡಲು ಸುಮಾರು 60 ಕಿಲೋ ಕ್ಯಾಲರಿ ವ್ಯಯಿಸುತ್ತಾರೆ. ಹತ್ತು ಕಿಲೋಮೀಟರಿಗೆ 600. ಇದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮೈಯ ಶಾಖವಾಗುತ್ತದೆ, ಅಂದರೆ 450ಕ್ಕೆ ಕಡಿಮೆಯಿಲ್ಲ. ಒಂದು ಗ್ರಾಂ ಬೆವರು ಆವಿಯಾದರೆ ಸುಮಾರು 0.58 ಕಿಲೋ ಕ್ಯಾಲರಿ ಹೊರಗೆ ಹೋಗುತ್ತದೆ. ಅಷ್ಟೂ ಶಾಖವನ್ನು ಬೆವರಿನಿಂದಲೇ ಕಳೆಯಬೇಕೆಂದರೆ ಮುಕ್ಕಾಲು ಲೀಟರಿಗೂ ಮಿಗಿಲಾದ ಬೆವರು ಆವಿಯಾಗಬೇಕು. ಕಲಬುರಗಿಯಲ್ಲಿ ಅದು ಆವಿಯಾಗುತ್ತದೆ, ಮಲ್ಪೆಯಲ್ಲಿ ಮೊಣಕೈಯಿಂದ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ಮೈಯನ್ನು ತಂಪು ಮಾಡುವುದಿಲ್ಲ, ನೀರು ಮಾತ್ರ ನಷ್ಟ. ಹಾಗಾಗಿ ಉಷ್ಣಮಾಪಕದ ಅಂಕಿಯೊಂದನ್ನೇ ನೋಡಿ ಊರೂರನ್ನು ಹೋಲಿಸುವುದು ಸರಿಯಲ್ಲ.

ನಮ್ಮ ಉಪಾಯವೆಂದರೆ ಇಳಿತದ ಹೊತ್ತು ನೋಡಿಕೊಂಡು ಒದ್ದೆ ಉಸುಕಿನ ಗಟ್ಟಿ ಪಟ್ಟಿಯಲ್ಲಿ, ಗಾಳಿಗೆ ಮುಖ ಮಾಡಿ ಓಡುವುದು. ಮೇ ಕೊನೆಯಲ್ಲಿ ಕಡಲು ಕೆರಳಿದ ಮೇಲೆ ಮೊಣಕಾಲಿಗಿಂತ ಆಳಕ್ಕೆ ಇಳಿಯುವುದಿಲ್ಲ. ಬೆಂಗಳೂರಿನಿಂದ ಬರುವ ಓಟಗಾರ ಮಿತ್ರರು ಬೆವರಿದ ಮೈಯನ್ನು ನೇರ ಸಮುದ್ರಕ್ಕೆ ಒಯ್ಯುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ.


ನಾಡಿ ಹಿಡಿದವಳು, ಹುಬ್ಬಳ್ಳಿ (ಜೂನ್ 20)

ನಾನು ವೈದ್ಯೆ, ಓಟಗಳ ವೈದ್ಯಕೀಯ ಡೇರೆಯಲ್ಲಿ ಕೆಲವು ಸಲ ಸೇವೆ ಮಾಡಿದ್ದೇನೆ. ಮೂಲ ಬರಹದವರು ಬಿಸಿಲಲ್ಲಿ ಚಳಿಯಾದಾಗ ಕುಳಿತದ್ದು ಸರಿಯಾದ ನಿರ್ಧಾರ. ಇನ್ನು ನಾಲ್ಕು ಕಿಲೋಮೀಟರ್ ತಾನೇ ಎಂದು ಮುಂದುವರಿದಿದ್ದರೆ ಈ ಬರಹ ಬರುತ್ತಿತ್ತೋ ಇಲ್ಲವೋ. ಅಂಗಡಿಯ ಆ ತಾಯಿ ಕುಡಿಸುವುದಕ್ಕಿಂತ ಮೊದಲು ನೆತ್ತಿಗೆ ನೀರು ಸುರಿದರಲ್ಲ, ಆ ಕ್ರಮವೂ ಸರಿಯೇ.

ಸುಸ್ತು, ವಾಕರಿಕೆ, ತಲೆ ಸುತ್ತು ಇದ್ದು ಮಾತು ನೆಟ್ಟಗಿದ್ದರೆ ನೆರಳು, ನೀರು, ವಿಶ್ರಾಂತಿ ಸಾಮಾನ್ಯವಾಗಿ ಸಾಕಾಗುತ್ತದೆ. ಓಡುತ್ತಿದ್ದವರ ಮಾತು ತೊದಲಿದರೆ, ತಾನೆಲ್ಲಿದ್ದೇನೆಂದು ತಿಳಿಯದಿದ್ದರೆ, ಕಾರಣವಿಲ್ಲದೆ ಸಿಡುಕಿದರೆ ಅದನ್ನು ಉಷ್ಣಾಘಾತವೆಂದೇ ತಿಳಿಯಬೇಕು. ಒಳಮೈಯ ಉಷ್ಣಾಂಶ 40 ಡಿಗ್ರಿ ಮೀರಿರುತ್ತದೆ. ಬೆವರುತ್ತಿದ್ದಾರಲ್ಲ, ಆಘಾತವಿರಲಾರದು ಎಂದು ಸಮಾಧಾನಪಡಬಾರದು. ಓಟಗಾರರಲ್ಲಿ ಬೆವರು ಹರಿಯುತ್ತಿರುವಾಗಲೇ ಇದು ಬರುತ್ತದೆ. ಆಂಬುಲೆನ್ಸಿಗೆ ಹೇಳಿ ಕಳುಹಿಸಿ, ಅದು ಬರುವವರೆಗೆ ಕಾಯದೆ ಅಲ್ಲಿಯೇ ತಂಪು ಮಾಡಬೇಕು: ಐಸು ನೀರಿನ ತೊಟ್ಟಿಯಲ್ಲಿ ಕೂರಿಸುವುದು ಎಲ್ಲಕ್ಕಿಂತ ಉತ್ತಮ, ಅದಿಲ್ಲದಿದ್ದರೆ ಮೈಪೂರ್ತಿ ನೀರು ಸುರಿದು ಗಾಳಿ ಬೀಸುವುದು. ಮೊದಲು ತಂಪು, ಆಮೇಲೆ ಸಾಗಣೆ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ.

ಇದರ ತಲೆಕೆಳಗಾದ ತಪ್ಪೂ ಒಂದಿದೆ. ಹೆದರಿ ಹೆದರಿ ಪ್ರತಿ ಮೇಜಿನಲ್ಲೂ ಲೋಟಗಟ್ಟಲೆ ಬರಿ ನೀರು ಕುಡಿದು, ರಕ್ತದ ಸೋಡಿಯಂ ಇಳಿದು, ತಲೆನೋವು ವಾಂತಿಯೊಂದಿಗೆ ಬರುವವರು. ಹೆಚ್ಚಿನವರು ನಿಧಾನವಾಗಿ ಓಡುವವರೇ. ಓಟಕ್ಕೆ ಮೊದಲು ಮತ್ತು ಆಮೇಲೆ ತೂಕ ನೋಡಿ. ತೂಕ ಹೆಚ್ಚಿದ್ದರೆ ಅಗತ್ಯಕ್ಕಿಂತ ಹೆಚ್ಚು ಕುಡಿದಿದ್ದೀರಿ ಎಂದೇ ಅರ್ಥ. ಬಾಯಾರಿಕೆಯಾದಾಗ ಕುಡಿಯುವುದು ನಮ್ಮಂಥ ಹವ್ಯಾಸಿಗಳಿಗೆ ಸಾಕು. ಓಟದ ಮುಂಚೆ ನೋವಿನ ಮಾತ್ರೆ ನುಂಗುವ ಚಾಳಿ ಕೆಲವರಲ್ಲಿದೆ. ನೀರು ಕಡಿಮೆಯಾದ ಮೈಯಲ್ಲಿ ಅದು ಮೂತ್ರಪಿಂಡಕ್ಕೆ ಹೊಡೆತ.

ಮೈ ಸೆಕೆಗೆ ಹೊಂದಿಕೊಳ್ಳುತ್ತದೆ ಎಂಬುದು ನಿಜ. ಹತ್ತರಿಂದ ಹದಿನಾಲ್ಕು ದಿನ, ದಿನಕ್ಕೆ ಒಂದು ಗಂಟೆಯಷ್ಟು ಮಿತವಾಗಿ ಸೆಕೆಯಲ್ಲಿ ಶ್ರಮಪಟ್ಟರೆ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿನ ಉಪ್ಪು ಕಡಿಮೆಯಾಗುತ್ತದೆ. ಬಿಟ್ಟರೆ ಕೆಲವೇ ವಾರಗಳಲ್ಲಿ ಹೋಗಿಬಿಡುತ್ತದೆ. ಹವಾನಿಯಂತ್ರಿತ ಕಚೇರಿಯಲ್ಲಿ ಒಂಬತ್ತು ಗಂಟೆ ಕುಳಿತು ಭಾನುವಾರ ಒಂದು ದಿನ ಓಡುವವರಿಗೆ ಈ ವರ ಸಿಗುವುದಿಲ್ಲ.


ಕ್ಯಾನು ಹೊತ್ತವನು, ತುಮಕೂರು (ಜೂನ್ 20)

ಎಲ್ಲರೂ ಆಯೋಜಕರನ್ನು ದೂರುವ ಮುಂಚೆ ಮೇಜಿನ ಆಚೆ ಬದಿಯ ಮಾತನ್ನೂ ಕೇಳಿ. ನಾನು ನಾಲ್ಕು ಓಟಗಳಲ್ಲಿ ನೀರಿನ ಮೇಜಿನ ಸ್ವಯಂಸೇವಕನಾಗಿದ್ದೆ. ಸಾವಿರ ಓಟಗಾರರು, ತಲೆಗೆ 200 ಮಿಲಿಲೀಟರ್ ಎಂದರೆ ಒಂದು ಮೇಜಿಗೆ 200 ಲೀಟರ್, ಅಂದರೆ 20 ಲೀಟರಿನ ಹತ್ತು ಕ್ಯಾನು. ಕಾಗದದ ಮೇಲೆ ಇದು ಸರಿ. ಆದರೆ ಸೆಕೆಯ ದಿನ ಮುಂದಿನ ಮುನ್ನೂರು ಮಂದಿ ಒಂದು ಲೋಟ ಕುಡಿದು, ಒಂದು ಲೋಟ ತಲೆಗೆ ಸುರಿದು, ಮೂರನೆಯದನ್ನು ಎರಡು ಗುಟುಕಿಗೆ ಎಸೆದು ಹೋಗುತ್ತಾರೆ. ಹಿಂದಿನ ಏಳುನೂರು ಮಂದಿಗೆ ಬೋರಲು ಕ್ಯಾನು. ಬೇಸಿಗೆಯಲ್ಲಿ ಲೆಕ್ಕ ದುಪ್ಪಟ್ಟು ಇಡಬೇಕು, ತಲೆಗೆ ಸುರಿಯಲು ಬೇರೆ ಡ್ರಮ್ಮು ಮತ್ತು ಸ್ಪಂಜು ಇಡಬೇಕು. ಅದನ್ನು ಮಾಡದವರು ತಪ್ಪಿತಸ್ಥರೇ, ಒಪ್ಪುತ್ತೇನೆ. ಆದರೆ ಮುಂದೆ ಓಡುವವರಿಗೂ ಹಿಂದಿನವರ ನೆನಪಿರಲಿ.


ನಿಧಾನಗತಿ (ಜೂನ್ 20)

ತುಮಕೂರಿನ ಸಹೋದರರ ಮಾತು ನನಗೆ ಹೊಳೆದಿರಲಿಲ್ಲ. ವರ್ಲ್ಡ್ ಟೆನ್‌ಕೆಯಲ್ಲಿ ನಾನೂ ಒಂದು ಲೋಟವನ್ನು ಅರ್ಧಕ್ಕೇ ಎಸೆದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೂ ಅತಿಥಿಗಳಿಗಾಗಿ ಕಾದ ಆ 45 ನಿಮಿಷವನ್ನು ಕ್ಷಮಿಸಲಾರೆ. ಬೇಸಿಗೆಯಲ್ಲಿ ಆರೂಮುಕ್ಕಾಲಿಗೆ ಹೊರಟು ಎರಡೂವರೆ ಗಂಟೆ ಓಡುವವನು ಒಂಬತ್ತೂಕಾಲರ ಬಿಸಿಲಲ್ಲಿ ಇರುತ್ತಾನೆ. ಬಾವುಟ ಬೀಸಿದವರು ಅಷ್ಟರೊಳಗೆ ತಿಂಡಿ ಮುಗಿಸಿ ಕಾರಿನಲ್ಲಿರುತ್ತಾರೆ.


ಕಬ್ಬನ್ ಪಾರ್ಕಿನ ಮೂರನೆಯ ಸುತ್ತು, ಬೆಂಗಳೂರು (ಜೂನ್ 20)

ನಾಲ್ಕೂವರೆಗೆ ಓಡಿ ಎಂಬ ಸಲಹೆಯನ್ನು ಇಲ್ಲಿ ಎಲ್ಲರೂ ಸಲೀಸಾಗಿ ಕೊಡುತ್ತಿದ್ದೀರಿ. ನಾನು ಹೆಣ್ಣುಮಗಳು. ನಾಲ್ಕೂವರೆಗೆ ನಮ್ಮ ಬೀದಿಯಲ್ಲಿ ಇರುವುದು ಎರಡು ಗುಂಪು ನಾಯಿ, ಅರ್ಧಕ್ಕರ್ಧ ಕೆಟ್ಟ ದೀಪ, ರಾತ್ರಿ ಮುಗಿಸಿ ಮನೆಗೆ ಹೋಗುವ ಕೆಲವು ಗಾಡಿಗಳು. ಕಲಬುರಗಿಯ ಅಣ್ಣನವರು ಕೋಟೆಯ ಸುತ್ತ ಒಬ್ಬರೇ ಓಡುತ್ತಾರೆ. ಅವರ ಮನೆಯ ಹೆಣ್ಣುಮಕ್ಕಳು ಆ ಹೊತ್ತಿಗೆ ಓಡುತ್ತಾರೆಯೇ? ಟೀಕೆಯಲ್ಲ, ಪ್ರಶ್ನೆ. ನಮಗೆ ಬೆಳಕು ಬರುವವರೆಗೆ ಕಾಯಬೇಕು, ಬೆಳಕು ಬಂದರೆ ಬಿಸಿಲೂ ಬರುತ್ತದೆ. ಹೀಗಾಗಿ ಬೇಸಿಗೆಯ ಓಟ ನಮಗೆ ದಿನಕ್ಕೆ ಒಂದು ಗಂಟೆಯಷ್ಟು ಕಿರಿದಾಗುತ್ತದೆ.

ನಾವು ಏಳು ಮಂದಿ ಒಂದು ಗುಂಪು ಕಟ್ಟಿಕೊಂಡಿದ್ದೇವೆ. ಭಾನುವಾರ ವಾಹನಗಳಿಗೆ ಪ್ರವೇಶವಿಲ್ಲದ ಕಬ್ಬನ್ ಪಾರ್ಕಿನಲ್ಲಿ ಮರಗಳ ಕೆಳಗೆ ಒಂದೇ ದಾರಿಯನ್ನು ಸುತ್ತುತ್ತೇವೆ. ಹೊರಗಿನ ರಸ್ತೆಗೂ ಒಳಗಿನ ದಾರಿಗೂ ಚರ್ಮಕ್ಕೇ ತಿಳಿಯುವಷ್ಟು ವ್ಯತ್ಯಾಸವಿದೆ. ಓಟದ ದಾರಿ ಆರಿಸುವವರು ಸೇತುವೆ, ಗೋಪುರಗಳ ಚಿತ್ರ ಚೆನ್ನಾಗಿ ಬರಲೆಂದು ನೋಡುವ ಬದಲು ಮರ ಎಲ್ಲಿವೆ ಎಂದು ನೋಡಿದರೆ ಒಳ್ಳೆಯದು.


ಕೋಟೆಯ ಕಂದಕ (ಜೂನ್ 20)

ಅಕ್ಕಾರ, ನಿಮ್ಮ ಪ್ರಶ್ನೆ ನೇರವಾಗಿದೆ. ನನ್ನ ಮಗಳು ಓಡುತ್ತಾಳೆ, ಆದರೆ ನಾನು ಜೊತೆಗಿದ್ದಾಗ ಮಾತ್ರ. ಆಕೆ ಒಬ್ಬಳೇ ಓಡಬೇಕಾದ ದಿನ ಏಳಕ್ಕೆ ಜಿಲ್ಲಾ ಕ್ರೀಡಾಂಗಣಕ್ಕೆ ಹೋಗುತ್ತಾಳೆ, ಆ ಹೊತ್ತಿಗೆ ನೆಲ ಕಾಯ್ದಿರುತ್ತದೆ. ಇದನ್ನು ಬರೆಯುವವರೆಗೆ ನಾನು ಹಾಗೆ ಯೋಚಿಸಿರಲಿಲ್ಲ.


ಘಟ್ಟದ ಕೆಳಗೆ, ಸುಳ್ಯ (ಜೂನ್ 21)

ಕುಮಾರ ಪರ್ವತ ಮುಚ್ಚಿದ್ದಕ್ಕೆ ಬೇಸರಪಡುವವರು ಪ್ರತಿವರ್ಷ ಇರುತ್ತಾರೆ, ಅದಕ್ಕೆ ಒಂದು ಮಾತು. 1,712 ಮೀಟರಿನ ಆ ಶಿಖರದ ಮೇಲ್ಭಾಗ ಬಹುಪಾಲು ಹುಲ್ಲುಗಾವಲು. ಮಳೆಗಾಲದಲ್ಲಿ ಸೊಂಟದೆತ್ತರ ಬೆಳೆದ ಹುಲ್ಲು ಫೆಬ್ರವರಿಗೆ ಬೈಹುಲ್ಲಿನಂತಾಗುತ್ತದೆ. ಯಾರೋ ಎಸೆದ ಒಂದು ಬೀಡಿ ತುಂಡು, ಚಹಾ ಕಾಯಿಸಲು ಹೊತ್ತಿಸಿದ ಒಂದು ಒಲೆ, ಗಾಳಿ ಇದ್ದರೆ ಅಷ್ಟು ಸಾಕು; ಬೆಂಕಿ ಇಳಿಜಾರಿನಲ್ಲಿ ಮನುಷ್ಯನಿಗಿಂತ ವೇಗವಾಗಿ ಮೇಲೇರುತ್ತದೆ. ನೀರಿನ ಒರತೆಗಳೂ ಬತ್ತಿರುತ್ತವೆ. ಈ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಮಂದಿ ಒಟ್ಟಿಗೆ ಬಂದು ಸಾಲು ನಿಂತ ಚಿತ್ರವನ್ನು ಎಲ್ಲರೂ ನೋಡಿದ್ದೀರಿ. ಅದರ ಬೆನ್ನಿಗೇ ಅರಣ್ಯ ಇಲಾಖೆ ಆನ್‌ಲೈನ್ ಟಿಕೆಟ್ ವ್ಯವಸ್ಥೆಯಿಲ್ಲದ ಚಾರಣಗಳನ್ನು ನಿಲ್ಲಿಸಿತು. ನಮ್ಮ ಕಡೆಯವರಿಗೆ ಅದರಿಂದ ಸಂಪಾದನೆ ಕಡಿಮೆಯಾಗಿದ್ದು ನಿಜ, ಆದರೂ ಕಾಡಿಗೂ ಒಂದಷ್ಟು ತಿಂಗಳು ರಜೆ ಬೇಕು.


ದೂರದ ಬೆಟ್ಟ, ಬಾಸ್ಟನ್ (ಜೂನ್ 21)

ಶಿವಮೊಗ್ಗದವನು, ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ. ಬೇಸಿಗೆಯ ಹಂಗಾಮು ತಂಪು ದೇಶಗಳ ಕಲ್ಪನೆ ಎಂದಿದ್ದೀರಿ, ಅದು ಸರಿ. ಇಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಕತ್ತಲು ಮತ್ತು ಹಿಮ. ಜೂನ್ ಬಂದರೆ ಜನ ಬಂಧನದಿಂದ ಬಿಡುಗಡೆಯಾದಂತೆ ಹೊರಬೀಳುತ್ತಾರೆ. ನನ್ನ ಬೇಸಿಗೆ ಆರಂಭವಾಗುವುದು ನ್ಯೂ ಹ್ಯಾಂಪ್‌ಶೈರಿನ ಮೌಂಟ್ ವಾಷಿಂಗ್ಟನ್ ರಸ್ತೆ ಓಟದಿಂದ. ಜೂನ್ ತಿಂಗಳ ಮೂರನೆಯ ಶನಿವಾರ, ಈ ಸಲ 15ರಂದು. ಸುಮಾರು 12.2 ಕಿಲೋಮೀಟರ್ ದೂರ, ಸುಮಾರು 1,400 ಮೀಟರ್ ಏರು. ಇಡೀ ಓಟಕ್ಕೆ ಇರುವುದು ಒಂದೇ ಏರು ಎಂಬುದು ಇಲ್ಲಿಯವರ ತಮಾಷೆ. ಗುರಿಯ ಮುಂಚಿನ ಕೊನೆಯ ತಿರುವು ನೂರಕ್ಕೆ ಇಪ್ಪತ್ತೆರಡರಷ್ಟು ಕಡಿದು. ಅಲ್ಲಿ ಓಡುವವರನ್ನು ನಡೆಯುವವರು ದಾಟುತ್ತಾರೆ.

ಶಿಖರದ ಎತ್ತರ 1,917 ಮೀಟರ್. ನಮ್ಮ ಮುಳ್ಳಯ್ಯನಗಿರಿಯೂ ಹೆಚ್ಚು ಕಡಿಮೆ ಅಷ್ಟೇ, ಸುಮಾರು 1,930. ಆದರೆ ಮುಳ್ಳಯ್ಯನಗಿರಿಯ ಮೇಲೆ ಜೂನ್‌ನಲ್ಲಿ ಮಂಜು ಮತ್ತು ಮಳೆ, ಇಲ್ಲಿ 1934ರಲ್ಲಿ ಗಂಟೆಗೆ 372 ಕಿಲೋಮೀಟರ್ ವೇಗದ ಗಾಳಿ ದಾಖಲಾಗಿದೆ. ಬುಡದಲ್ಲಿ ಬನಿಯನ್ ಒದ್ದೆಯಾಗುವಷ್ಟು ಬೆವರು, ತುದಿಯಲ್ಲಿ ಬೆರಳು ಮಡಚಲಾಗದ ಚಳಿ. ಒಂದೇ ಓಟದಲ್ಲಿ ಎರಡು ಋತು. ಇಳಿಯುವಾಗ ಓಡಿ ಬರಲು ಬಿಡುವುದಿಲ್ಲ, ಪ್ರತಿಯೊಬ್ಬರೂ ಕಾರಿನಲ್ಲಿ ಕೆಳಗಿಳಿಯುವ ಏರ್ಪಾಟನ್ನು ಮೊದಲೇ ಮಾಡಿಕೊಂಡಿರಬೇಕು. ಮೊದಲ ವರ್ಷ ನಾನು ಅದನ್ನು ಕಡೆಗಣಿಸಿ, ಮೇಲೆ ನಡುಗುತ್ತ ನಿಂತು, ಗುರುತಿಲ್ಲದ ಅಜ್ಜಿಯೊಬ್ಬರ ಕಾರಿನಲ್ಲಿ ಅವರ ನಾಯಿಯ ಪಕ್ಕ ಕುಳಿತು ಇಳಿದೆ. ಈ ಓಟದ ವಿಶೇಷವೆಂದರೆ ಇಲ್ಲಿ ಯಾರೂ ಕಳೆದ ವರ್ಷದ ಸಮಯವನ್ನು ಕೇಳುವುದಿಲ್ಲ. “ಮೇಲೆ ಹವೆ ಹೇಗಿತ್ತು?” ಎಂದು ಕೇಳುತ್ತಾರೆ.


ಹಳೆಯ ಚಾರಣಿಗ, ಮೈಸೂರು (ಜೂನ್ 21)

ನನಗೆ 68. ಇಷ್ಟು ಹೊತ್ತು ಸೆಕೆಯ ಮಾತೇ ಆಯಿತು. ಈ ತಿಂಗಳ ಮೊದಲ ವಾರದ ಸುದ್ದಿಯನ್ನು ಯಾರೂ ಎತ್ತದಿರುವುದಕ್ಕೆ ಕಾರಣ ನನಗೂ ಗೊತ್ತು, ನಮ್ಮಲ್ಲಿ ಹಲವರಿಗೆ ಆ ತಂಡದಲ್ಲಿದ್ದವರ ಪರಿಚಯವಿತ್ತು. ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ 22 ಮಂದಿಯ ತಂಡ ಹಿಮಗಾಳಿಗೆ ಸಿಕ್ಕಿ, ಕರ್ನಾಟಕದ 9 ಮಂದಿ ಹಿಂತಿರುಗಲಿಲ್ಲ. ಉಳಿದವರಲ್ಲಿ ಹೆಚ್ಚಿನವರನ್ನು ಹೆಲಿಕಾಪ್ಟರಿನಲ್ಲಿ ಕರೆತಂದರು. ಅವರಲ್ಲಿ ಅನುಭವಿಗಳಿದ್ದರು, ನನ್ನ ವಯಸ್ಸಿನವರಿದ್ದರು. ಯಾರನ್ನೂ ದೂರಲು ಬರೆಯುತ್ತಿಲ್ಲ. ನಾಲ್ಕು ಸಾವಿರ ಮೀಟರ್ ಮೇಲೆ ಬೇಸಿಗೆ ಎಂಬುದು ಕ್ಯಾಲೆಂಡರಿನ ಮಾತು, ಅಲ್ಲಿನ ಮಧ್ಯಾಹ್ನಕ್ಕೆ ಅದು ತಿಳಿದಿರುವುದಿಲ್ಲ. ಮನೆಯವಳು ನನ್ನ ಸೆಪ್ಟೆಂಬರ್ ಚಾರಣದ ಮುಂಗಡ ಹಣವನ್ನು ವಾಪಸ್ ತರಿಸಿಬಿಟ್ಟಿದ್ದಾಳೆ, ನಾನೂ ವಾದಿಸಲಿಲ್ಲ. ಚಾಮುಂಡಿ ಬೆಟ್ಟ ಹತ್ತುತ್ತೇನೆ. ನೀವು ಕಂಡ ಆ ಹೆಣ್ಣುಮಗಳನ್ನು ನಾನೂ ಹಲವು ಶುಕ್ರವಾರ ಕಂಡಿದ್ದೇನೆ.


ಹೊಸ ಶೂ, ದಾವಣಗೆರೆ (ಜೂನ್ 22)

ನಾನು ಓಡಲು ತೊಡಗಿ ನಾಲ್ಕು ತಿಂಗಳಾಯಿತು. ಡಾಕ್ಟರಮ್ಮನವರಲ್ಲಿ ಒಂದು ಸಣ್ಣ ಪ್ರಶ್ನೆ. ಅಂಗಡಿಯ ಎಲೆಕ್ಟ್ರೊಲೈಟ್ ಪುಡಿಗಳ ಬೆಲೆ ಬಹಳ. ರಾಮನವಮಿಯ ಪಾನಕ, ಮಜ್ಜಿಗೆ ಇವುಗಳಿಂದ ಕೆಲಸ ನಡೆಯುತ್ತದೆಯೇ?


ನಾಡಿ ಹಿಡಿದವಳು (ಜೂನ್ 22)

ಒಂದು ಗಂಟೆಯೊಳಗಿನ ಓಟಕ್ಕೆ ಬರಿ ನೀರೇ ಸಾಕು. ಅದಕ್ಕಿಂತ ಹೆಚ್ಚಾದರೆ ಬೆಲ್ಲ, ನಿಂಬೆಹಣ್ಣು, ಶುಂಠಿಯ ಪಾನಕಕ್ಕೆ ಒಂದು ಚಿಟಿಕೆ ಉಪ್ಪು ಸೇರಿಸಿ, ನೀರು ಜಾಸ್ತಿ ಮಾಡಿ ತೆಳ್ಳಗೆ ಮಾಡಿಕೊಳ್ಳಿ. ನೈವೇದ್ಯದ ಪಾನಕದಷ್ಟು ಸಿಹಿಯಿದ್ದರೆ ಹೊಟ್ಟೆ ತೊಳಸುತ್ತದೆ. ಮಜ್ಜಿಗೆ ಓಟ ಮುಗಿದ ಮೇಲೆ ಒಳ್ಳೆಯದು. ಓಆರ್‌ಎಸ್ ಬೇಕಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣ ಕೇಳಿ: ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಬೇರೆ ಲವಣಗಳೂ ಸೇರಿ ಒಟ್ಟು 20.5 ಗ್ರಾಂ. ಅದನ್ನು ಒಂದು ಲೀಟರಿಗೇ ಕಲಸಬೇಕು, ಅರ್ಧ ಪೊಟ್ಟಣವನ್ನು ಅಂದಾಜಿನಲ್ಲಿ ಲೋಟಕ್ಕೆ ಹಾಕಬಾರದು. ಹೋಲುವ ಹೆಸರಿನಲ್ಲಿ ಬರುವ ರಟ್ಟಿನ ಡಬ್ಬಿಯ ಸಿಹಿ ಪೇಯಗಳು ಓಆರ್‌ಎಸ್ ಅಲ್ಲ. ರಕ್ತದೊತ್ತಡ ಇರುವವರು ಉಪ್ಪಿನ ವಿಷಯದಲ್ಲಿ ತಮ್ಮ ವೈದ್ಯರನ್ನು ಕೇಳಲಿ.


ನಿಧಾನಗತಿ (ಜೂನ್ 23)

ಉತ್ತರಿಸಿದ ಎಲ್ಲರಿಗೂ ವಂದನೆ. ಮೈಸೂರಿನ ಹಿರಿಯರ ಬರಹವನ್ನು ಎರಡು ಸಲ ಓದಿದೆ.

ಮುಂದಿನ ಏಪ್ರಿಲ್ ಓಟಕ್ಕೆ ಹೆಸರು ಕೊಡುತ್ತೇನೆ, ಆದರೆ ಒಂದು ಗಂಟೆಯ ಹಂಬಲವನ್ನು ಡಿಸೆಂಬರ್‌ನಲ್ಲಿ ಯಾವುದಾದರೂ ಹತ್ತು ಕಿಲೋಮೀಟರಿನ ಓಟಕ್ಕೆ ಸಾಗಿಸಿದ್ದೇನೆ. ಅಲ್ಲಿಯೂ ಆಗದಿದ್ದರೆ ದೂರಲು ಬಿಸಿಲೂ ಇರುವುದಿಲ್ಲ. ತುಮಕೂರಿನವರು ಹೇಳಿದ ಮೇಲೆ ಅರ್ಧ ಲೀಟರಿನ ಬಾಟಲಿ ಹಿಡಿಯುವ ನಡುಪಟ್ಟಿ ಕೊಂಡಿದ್ದೇನೆ. ಓಡುವಾಗ ಅದು ಕುಲುಕಿ ಗುಳುಗುಳು ಸದ್ದು ಮಾಡುತ್ತದೆ, ಪಕ್ಕದವರು ತಿರುಗಿ ನೋಡುತ್ತಾರೆ.

ಕಳೆದ ಶನಿವಾರ ಆ ಪೆಟ್ಟಿಗೆ ಅಂಗಡಿಗೆ ಹೋಗಿದ್ದೆ. ಅವತ್ತು ಮಜ್ಜಿಗೆಗೆ ದುಡ್ಡು ಕೊಡದೆಯೇ ಆಟೋ ಹತ್ತಿದ್ದೆ. ಅವರಿಗೆ ನನ್ನ ಗುರುತು ಸಿಗಲಿಲ್ಲ. ಬಿಬ್ ಇಲ್ಲದ, ಮುಖ ಕೆಂಪಾಗಿರದ ನನ್ನನ್ನು ಅವರು ನೋಡಿರಲೇ ಇಲ್ಲವಲ್ಲ. ಹತ್ತು ರೂಪಾಯಿ ಬಾಕಿ ಇದೆಯೆಂದು ಹೇಳಿದಾಗ, ಆ ದಿನ ಓಡುತ್ತಿದ್ದವರಲ್ಲಿ ಹನ್ನೊಂದು ಮಂದಿ ಅಲ್ಲಿ ಕುಳಿತು ಹೋದರು, ನಾನು ಯಾರನ್ನು ಅಂತ ನೆನಪಿಟ್ಟುಕೊಳ್ಳಲಿ ಎಂದರು.